ಕನ್ನಡದಲ್ಲಿ ಕಾಣಿಸದ ಆ ‘ಈಸ್’: ಲಿಂಕಿಂಗ್ ವರ್ಬ್ ನಾನು ಕಲಿತಿದ್ದು ಹೇಗೆ, ಈಗ ಕಲಿಸ್ತಿರೋದು ಹೇಗೆ

ನಾನು ತಿಪಟೂರಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತಗೋತೀನಿ, ಹನ್ನೊಂದು ವರ್ಷ ಆಯ್ತು. ಡಿಗ್ರಿ ಓದೋ ಹುಡುಗ್ರು, ನರ್ಸಿಂಗ್ ಮುಗಿಸಿರೋ ಹೆಣ್ಮಕ್ಕಳು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋರು, ಹಿಂಗೆ ಎಲ್ಲಾ ತರದವ್ರೂ ಬರ್ತಾರೆ. ನಾನೂ ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಮ್ಮೇ. ನಮ್ಮ ಕಾಲದಲ್ಲಿ ಸರ್ಕಾರಿ ಶಾಲೇಲಿ ಎಬಿಸಿಡಿ ಶುರುವಾಗ್ತಿದ್ದಿದ್ದು ಐದನೇ ಕ್ಲಾಸಿಗೆ, ಒಂದನೇ ಕ್ಲಾಸಿಂದ ಇಂಗ್ಲಿಷ್ ಬಂದಿದ್ದು 2007ರಿಂದ ಈಚೆಗೆ.

ಬಿಎ ಮುಗಿಸಿ ಬೆಂಗಳೂರಲ್ಲಿ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿ ಅಂದ್ರು. ‘ಮೈ ಫಾದರ್ ಫಾರ್ಮರ್, ಮೈ ಮದರ್ ಹೌಸ್‌ವೈಫ್, ಮೈ ಬ್ರದರ್ ಡ್ರೈವರ್’ ಅಂತ ಹೇಳ್ಕೊಂಡು ಹೋದೆ. ಎದುರಿಗೆ ಕೂತಿದ್ದ ಮೇಡಂ ಮೆಲ್ಲಗೆ ‘ಈಸ್ ಎ ಫಾರ್ಮರ್’ ಅಂತ ತಿದ್ದಿದ್ರು. ಓಹೋ ಏನೋ ಬಿಟ್ಟೋಗ್ತಿದೆ ಅಂತ ಗಾಬರಿಯಾಗಿ ಅಲ್ಲಿಂದ ಮುಂದಕ್ಕೆ ಸಿಕ್ಕಿದ್ ಕಡೆಯೆಲ್ಲಾ ಹಾಕ್ದೆ, ‘ಐ ಆಮ್ ಕಂಪ್ಲೀಟೆಡ್ ಬಿಎ, ಐ ಆಮ್ ಲೈಕ್ ಟೀಚಿಂಗ್’. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ಕೆಲಸ ಸಿಗ್ಲಿಲ್ಲ. ವಾಪಸ್ ರೈಲಲ್ಲಿ ಬರುವಾಗ ಅರ್ಥ ಆಗದೇ ಇದ್ದಿದ್ದು ಒಂದೇ, ಲಿಂಕಿಂಗ್ ವರ್ಬ್ (ಯಾರು ಏನು, ಹೇಗಿದ್ದಾರೆ ಅಂತ ಜೋಡಿಸಿ ಹೇಳೋ ಕ್ರಿಯಾಪದ) ಪಟ್ಟಿ ನನಗೆ ಬಾಯಿಪಾಠ ಬರ್ತಿತ್ತು, ಆಮ್ ಈಸ್ ಆರ್ ವಾಸ್ ವರ್, ಬಿಕಮ್, ಸೀಮ್, ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್, ಎಲ್ಲಾ ಗೊತ್ತಿತ್ತು, ಆದ್ರೂ ಬಾಯಿಗೆ ಯಾಕೆ ಬರ್ಲಿಲ್ಲ?

ಉತ್ತರ ಸಿಕ್ಕಿದ್ದು ಗ್ರಾಮರ್ ಬುಕ್ಕಲ್ಲಲ್ಲ, ಕನ್ನಡದಲ್ಲೇ. ‘ನಮ್ಮಪ್ಪ ರೈತ’ ಅಂತ ಹೇಳಿ ನೋಡಿ. ಎರಡೇ ಪದ, ವಾಕ್ಯ ಮುಗೀತು. ಇದರಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲವೇ ಇಲ್ಲ. ‘ಅವರು ನಮ್ಮ ಮೇಷ್ಟ್ರು’, ‘ಇದು ನನ್ನ ಬ್ಯಾಗು’, ‘ಆ ಬಸ್ಸು ಅರಸೀಕೆರೇದು’, ಯಾವುದರಲ್ಲೂ ಇಲ್ಲ. ಯಾರು ಏನು ಅಂತ ಹೇಳೋಕೆ ಕನ್ನಡಕ್ಕೆ ಕ್ರಿಯಾಪದ ಬೇಕಾಗಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ರೆ ಸಾಕು. ತಮಿಳಲ್ಲೂ ಹಂಗೇ, ದೂರದ ರಷ್ಯನ್ ಭಾಷೇಲೂ ಈ ತರದ ವಾಕ್ಯದಲ್ಲಿ ವರ್ತಮಾನಕಾಲಕ್ಕೆ ಏನೂ ಹಾಕಲ್ಲ. ಇಂಗ್ಲಿಷಿಗೆ ಮಾತ್ರ ಕ್ರಿಯಾಪದ ಇಲ್ದೆ ವಾಕ್ಯ ನಿಲ್ಲಲ್ಲ, ಹಾಗಾಗಿ ಮಧ್ಯದಲ್ಲಿ ಒಂದು ಕೊಂಡಿ ಹಾಕುತ್ತೆ, ಅದೇ ಲಿಂಕಿಂಗ್ ವರ್ಬ್. ನನ್ನ ಕ್ಲಾಸಲ್ಲಿ ಮನೇಲಿ ಉರ್ದು ಮಾತಾಡೋ ಮಕ್ಕಳು ಈ ‘ಈಸ್’ ಬಿಡೋದು ತುಂಬಾ ಕಡಿಮೆ, ಅವರ ಮಾತಲ್ಲಿ ‘ಹೈ’ ಇದ್ದೇ ಇರುತ್ತೆ, ಅದರ ಜಾಗಕ್ಕೆ ಇದನ್ನ ಕೂರಿಸ್ತಾರೆ. ಕನ್ನಡದ ಮಕ್ಕಳಿಗೆ ಕೂರಿಸೋಕೆ ಜಾಗವೇ ಕಾಣಲ್ಲ. ಅದು ಅವರ ದಡ್ಡತನ ಅಲ್ಲ, ದಯವಿಟ್ಟು ಯಾರೂ ಅದಕ್ಕೆ ಮಕ್ಕಳನ್ನ ಬೈಬೇಡಿ.

ಹಾಗಾದ್ರೆ ಕಾಣದೇ ಇರೋದನ್ನ ಕಾಣಿಸೋದು ಹೇಗೆ ಅಂತ ಬಹಳ ದಿನ ಒದ್ದಾಡಿದೀನಿ. ಕೊನೆಗೆ ಸಿಕ್ಕಿದ ದಾರಿ, ವಾಕ್ಯಾನ ಇಲ್ಲ ಅನ್ನೋ ತರ ತಿರುಗಿಸೋದು. ‘ನಮ್ಮಪ್ಪ ರೈತ’ ಅನ್ನೋದನ್ನ ತಿರುಗಿಸಿದ್ರೆ ‘ನಮ್ಮಪ್ಪ ರೈತ ಅಲ್ಲ’. ನೋಡಿ, ‘ಅಲ್ಲ’ ಹೊರಗೆ ಬಂತು! ಎಲ್ಲಿ ‘ಅಲ್ಲ’ ಬರುತ್ತೋ ಅಲ್ಲಿ ಆಮ್, ಈಸ್, ಆರ್ ಮೂರರಲ್ಲಿ ಒಂದು ಬಚ್ಚಿಟ್ಕೊಂಡಿದೆ ಅಂತ ಅರ್ಥ. ‘ಇದು ನನ್ನ ಬ್ಯಾಗಲ್ಲ’, ‘ಅವರು ಮೇಷ್ಟ್ರಲ್ಲ’, ಎಲ್ಲಾ ಕಡೆ ಕೆಲಸ ಮಾಡುತ್ತೆ. ಮೊದಲನೇ ವಾರ ಇಂಗ್ಲಿಷೇ ಮಾತಾಡ್ಸಲ್ಲ ನಾನು. ಎಲ್ಲರೂ ಮನೇಲಿ ಕೇಳಿಸ್ಕೊಂಡ ಇಪ್ಪತ್ತು ಕನ್ನಡ ವಾಕ್ಯ ನೋಟ್‌ಬುಕ್ಕಲ್ಲಿ ಬರ್ಕೊಂಡು ಬರ್ಬೇಕು, ಒಂದೊಂದನ್ನೂ ತಿರುಗಿಸಿ ಅಲ್ಲ ಬಂತಾ, ಇಲ್ಲ ಬಂತಾ ಅಂತ ಗುರುತು ಹಾಕ್ಬೇಕು, ಅಲ್ಲ ಬಂದ ಕಡೆ ಕೆಂಪು ಪೆನ್ನಲ್ಲಿ ಒಂದು ಚಿಕ್ಕ ಚೌಕ. ಆ ಚೌಕ ‘ಈಸ್’ ಕೂರೋ ಜಾಗ.

‘ಇಲ್ಲ’ ಸ್ವಲ್ಪ ಕಷ್ಟ, ಅದು ಒಂದೇ ಕಡೆ ಹೋಗಲ್ಲ. ‘ಅವನು ಮನೇಲಿಲ್ಲ’ ಅಂದ್ರೆ ‘ಈಸ್ ನಾಟ್’, ‘ನನ್ನತ್ರ ದುಡ್ಡಿಲ್ಲ’ ಅಂದ್ರೆ ‘ಡೋಂಟ್ ಹ್ಯಾವ್’, ‘ಅವನು ಬರ್ಲಿಲ್ಲ’ ಅಂದ್ರೆ ‘ಡಿಡಂಟ್ ಕಮ್’. ಇದಕ್ಕೆ ಅಭ್ಯಾಸವೇ ಬೇಕು. ಇನ್ನೊಂದು ಸಮಾಧಾನದ ವಿಷಯ ಏನಂದ್ರೆ ಈ ಖಾಲಿ ಜಾಗ ಇರೋದು ವರ್ತಮಾನಕಾಲದಲ್ಲಿ ಮಾತ್ರ. ‘ನಮ್ಮ ತಾತ ಮೇಷ್ಟ್ರಾಗಿದ್ರು’ ಅಂದಾಗ ‘ಆಗಿದ್ರು’ ಕಣ್ಣಿಗೆ ಕಾಣುತ್ತೆ, ಅದಕ್ಕೇ ‘ವಾಸ್’ ಬಿಡೋ ಮಕ್ಕಳು ನನಗೆ ಸಿಕ್ಕಿರೋದು ಅಪರೂಪ.

ಈಸ್ ಆಯ್ತು, ಇನ್ನು ಲುಕ್, ಫೀಲ್, ಸ್ಮೆಲ್, ಟೇಸ್ಟ್. ಇಲ್ಲಿ ಕನ್ನಡದ ಇನ್ನೊಂದು ಗುಣ ಅಡ್ಡ ಬರುತ್ತೆ, ಇದನ್ನ ನಾನು ಗುರುತಿಸಿದ್ದು ಕಲಿಸೋಕೆ ಶುರು ಮಾಡಿ ಮೂರ್ನಾಲ್ಕು ವರ್ಷ ಆದ್ಮೇಲೆ. ನಮ್ಮ ‘ಆಗಿ’. ‘ಅವಳು ಚೆನ್ನಾಗಿ ಹಾಡ್ತಾಳೆ’ ಅಂದ್ರೂ ಚೆನ್ನಾಗಿ, ‘ಸಾರು ಚೆನ್ನಾಗಿದೆ’ ಅಂದ್ರೂ ಚೆನ್ನಾಗಿ. ‘ಸುಂದರವಾಗಿ ಬರೀತಾಳೆ’, ‘ಸುಂದರವಾಗಿ ಕಾಣ್ತಾಳೆ’. ನಮಗೆ ಎರಡೂ ಒಂದೇ. ಇಂಗ್ಲಿಷಲ್ಲಿ ಮೊದಲನೇದು ಕೆಲಸ ಹೇಗೆ ನಡೀತು ಅಂತ ಹೇಳುತ್ತೆ, ಎರಡನೇದು ಆ ವ್ಯಕ್ತಿ ಅಥವಾ ವಸ್ತು ಹೇಗಿದೆ ಅಂತ ಹೇಳುತ್ತೆ, ಹಾಗಾಗಿ ‘ಶಿ ರೈಟ್ಸ್ ಬ್ಯೂಟಿಫುಲ್ಲಿ’ ಆದ್ರೆ ‘ಶಿ ಲುಕ್ಸ್ ಬ್ಯೂಟಿಫುಲ್’. ನಮ್ಮ ಹುಡುಗ್ರು ಆಗಿ ಅಂತ ಕೇಳಿದ ತಕ್ಷಣ ‘ಲಿ’ ಸೇರಿಸ್ತಾರೆ, ‘ದ ಫುಡ್ ಟೇಸ್ಟ್ಸ್ ನೈಸ್ಲಿ’, ‘ಐ ಫೀಲ್ ಸ್ಯಾಡ್ಲಿ’.

ಇದಕ್ಕೆ ಒಂದೇ ಪರೀಕ್ಷೆ, ಆ ವರ್ಬ್ ತೆಗೆದು ಅಲ್ಲಿ ಈಸ್ ಅಥವಾ ವಾಸ್ ಇಟ್ಟು ನೋಡೋದು. ‘ದ ಸಾಂಬಾರ್ ಟೇಸ್ಟ್ಸ್ ಸಾಲ್ಟಿ’, ಟೇಸ್ಟ್ಸ್ ತೆಗೆದು ಈಸ್ ಹಾಕಿ, ‘ದ ಸಾಂಬಾರ್ ಈಸ್ ಸಾಲ್ಟಿ’, ಅರ್ಥ ಕೆಡಲಿಲ್ಲ, ಅಂದ್ರೆ ಲಿಂಕಿಂಗ್, ಲಿ ಬೇಡ. ‘ಮೈ ಮದರ್ ಟೇಸ್ಟೆಡ್ ದ ಸಾಂಬಾರ್’, ಇಲ್ಲಿ ವಾಸ್ ಹಾಕಿದ್ರೆ ಅಮ್ಮನೇ ಸಾಂಬಾರ್ ಆಗ್ಬಿಡ್ತಾರೆ, ಅಂದ್ರೆ ಇಲ್ಲಿ ಟೇಸ್ಟ್ ಅನ್ನೋದು ನಿಜವಾದ ಕೆಲಸ, ಸೌಟಿಂದ ಅಂಗೈಗೆ ಬಿಟ್ಕೊಂಡು ರುಚಿ ನೋಡೋದು. ಅದೇ ತರ ‘ಹಿ ಲುಕ್ಡ್ ಆಂಗ್ರಿ’ಗೂ ‘ಹಿ ಲುಕ್ಡ್ ಅಟ್ ದ ಬೋರ್ಡ್’ಗೂ ಇರೋ ವ್ಯತ್ಯಾಸ, ‘ಟರ್ನ್ಡ್ ಎಲ್ಲೋ’ಗೂ ‘ಟರ್ನ್ಡ್ ಲೆಫ್ಟ್’ಗೂ ಇರೋ ವ್ಯತ್ಯಾಸ. ಈ ಪರೀಕ್ಷೆ ಮಕ್ಕಳು ಒಂದು ಸಲ ಕೈಯಾರೆ ಮಾಡಿದ್ರೆ ಮರೆಯಲ್ಲ.

ವಾಸನೆ ವಿಷಯ ಮಾತ್ರ ವಿಶೇಷವಾಗಿ ಹೇಳ್ಬೇಕು. ಒಂದು ಹುಡುಗಿ, ಆಸ್ಪತ್ರೇಲಿ ನರ್ಸ್, ವಾರ್ಡಲ್ಲಿ ರೋಗಿಯ ಗಾಯದಿಂದ ವಾಸನೆ ಬರ್ತಿತ್ತಂತೆ, ಡಾಕ್ಟ್ರಿಗೆ ‘ಸಾರ್, ಐ ಸ್ಮೆಲ್ ಬ್ಯಾಡ್’ ಅಂದಿದ್ದಾಳೆ. ಪಕ್ಕದಲ್ಲಿದ್ದೋರು ನಕ್ಕಿದ್ದಾರೆ. ಅವಳು ಕನ್ನಡದಲ್ಲಿ ಯೋಚಿಸಿದ್ದು ಸರಿಯಾಗೇ ಇತ್ತು, ‘ನನಗೆ ಕೆಟ್ಟ ವಾಸನೆ ಬರ್ತಿದೆ’ ಅಂತ. ಆದ್ರೆ ಅವಳು ಹೇಳಿದ ಇಂಗ್ಲಿಷಿಗೆ ‘ನಾನೇ ನಾರ್ತಾ ಇದ್ದೀನಿ’ ಅನ್ನೋ ಅರ್ಥ. ಮಾರನೇ ದಿನ ಕ್ಲಾಸಿಗೆ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡು ‘ಮೇಡಂ, ನಾನ್ ತಪ್ಪೇನ್ ಹೇಳ್ದೆ?’ ಅಂದ್ಳು. ಅವತ್ತಿನ ಪಾಠ ಪೂರ್ತಿ ಅದರ ಮೇಲೇ ಮಾಡ್ದೆ. ವಾಸನೆ ಯಾವುದರಿಂದ ಬರ್ತಿದೆಯೋ ಅದು ಮೊದಲು ಬರ್ಬೇಕು, ‘ದ ವೂಂಡ್ ಸ್ಮೆಲ್ಸ್ ಬ್ಯಾಡ್’. ಮೂಗಿನವರಲ್ಲ, ವಾಸನೆಯವರು ಮೊದಲು ಅಂತ ಬೋರ್ಡ್ ಮೇಲೆ ಬರೆದಿದ್ದೆ. ‘ಈಸ್ ಸ್ಮೆಲ್ಲಿಂಗ್’ ಅಂತಾನೂ ಬೇಡ, ನಮ್ಮ ‘ಬರ್ತಾ ಇದೆ’ ಕೇಳಿ ಇಂಗ್ ಹಾಕೋ ಆಸೆ ಆಗುತ್ತೆ, ಆದ್ರೆ ಸ್ಮೆಲ್, ಟೇಸ್ಟ್, ಸೌಂಡ್, ಸೀಮ್ ಲಿಂಕಿಂಗ್ ಆಗಿ ಬಂದಾಗ ಸಾಮಾನ್ಯವಾಗಿ ಇಂಗ್ ಇಲ್ದೇನೇ ಬರುತ್ತೆ. ಪ್ರಶ್ನೆ ಕೇಳುವಾಗ ‘ಈಸ್ ಇಟ್ ಸ್ಮೆಲ್’ ಅಲ್ಲ, ‘ಡಸ್ ಇಟ್ ಸ್ಮೆಲ್ ಬ್ಯಾಡ್?’

‘ನನಗೆ’ ಇಂದ ಶುರುವಾಗೋ ವಾಕ್ಯಗಳದ್ದೇ ಒಂದು ಲೋಕ. ಕನ್ನಡದಲ್ಲಿ ಹಸಿವು, ಖುಷಿ, ಭಯ, ಬೇಜಾರು ಎಲ್ಲಾ ನಮಗೆ ಆಗೋದು, ಬರೋದು. ಇಂಗ್ಲಿಷಲ್ಲಿ ನಾವೇ ಹಂಗೆ ಇರೋದು, ‘ಐ ಆಮ್ ಹಂಗ್ರಿ’, ‘ಐ ಆಮ್ ಹ್ಯಾಪಿ’. ಆದ್ರೆ ಎಲ್ಲಾ ‘ನನಗೆ’ನೂ ಹಿಂಗೆ ಆಗಲ್ಲ, ‘ನನಗೆ ಗೊತ್ತು’ ಅಂದ್ರೆ ‘ಐ ನೋ’, ಅಲ್ಲಿ ಆಮ್ ಬರಲೇಬಾರ್ದು. ನಾನು ಯಾವಾಗ್ಲೂ ಕೊಡೋ ಜೋಡಿ ಚಳಿ ಮತ್ತು ಶೀತ. ‘ನನಗೆ ಚಳಿ ಆಗ್ತಿದೆ’ ಅಂದ್ರೆ ‘ಐ ಆಮ್ ಕೋಲ್ಡ್’ ಅಥವಾ ‘ಐ ಫೀಲ್ ಕೋಲ್ಡ್’, ‘ನನಗೆ ಶೀತ ಆಗಿದೆ’ ಅಂದ್ರೆ ‘ಐ ಹ್ಯಾವ್ ಎ ಕೋಲ್ಡ್’. ಎರಡರಲ್ಲೂ ಕೋಲ್ಡೇ, ಆದ್ರೆ ಒಂದಕ್ಕೆ ಸ್ವೆಟರ್ ಸಾಕು, ಇನ್ನೊಂದಕ್ಕೆ ಕಷಾಯ ಬೇಕು. ಬೇಜಾರಿನದ್ದೂ ಹೇಳ್ಬಿಡ್ತೀನಿ, ‘ಐ ಆಮ್ ಬೋರ್ಡ್’ ಅನ್ನಿ, ‘ಐ ಆಮ್ ಬೋರಿಂಗ್’ ಅಂದ್ರೆ ನಮ್ಮಿಂದ ಬೇರೆಯವರಿಗೆ ಬೇಜಾರು ಅಂತ.

ಕೊನೇದು ‘ಆಗು’. ಕನ್ನಡಕ್ಕೆ ಇದೊಂದೇ ಸಾಕು ಎಷ್ಟೋ ಕಡೆ, ಇಂಗ್ಲಿಷ್ ಅದನ್ನ ಹಂಚಿಬಿಟ್ಟಿದೆ. ಕತ್ತಲಾಯ್ತು ಅಂದ್ರೆ ‘ಗಾಟ್ ಡಾರ್ಕ್’, ಎಲೆ ಹಳದಿ ಆಯ್ತು ಅಂದ್ರೆ ‘ಟರ್ನ್ಡ್ ಎಲ್ಲೋ’, ವಯಸ್ಸಾಯ್ತು ಅಂದ್ರೆ ‘ಗ್ರೂ ಓಲ್ಡ್’. ಕೆಡೋದಕ್ಕೆ ಹೆಚ್ಚಾಗಿ ‘ಗೋ’, ಅನ್ನ ಹಳಸಿದ್ರೆ ‘ವೆಂಟ್ ಬ್ಯಾಡ್’, ಇದು ನಮಗೆ ಸುಲಭ ಯಾಕಂದ್ರೆ ನಾವೂ ‘ಹಳಸಿ ಹೋಯ್ತು’ ಅಂತೀವಲ್ಲ. ಎಚ್ಚರ ಇರ್ಬೇಕಾದ್ದು ಒಂದು ಕಡೆ, ‘ಮಗ ಡಾಕ್ಟರ್ ಆದ’ ಅನ್ನೋಕೆ ‘ಗಾಟ್’ ಹಾಕ್ಬೇಡಿ, ‘ಹಿ ಗಾಟ್ ಎ ಡಾಕ್ಟರ್’ ಅಂದ್ರೆ ಯಾರೋ ಡಾಕ್ಟ್ರನ್ನ ಕರ್ಕೊಂಡ್ ಬಂದ ಅಂತಾಗುತ್ತೆ, ಅಲ್ಲಿ ‘ಬಿಕೇಮ್’ ಬೇಕು.

ಇಷ್ಟು ದಾಟೋಕೆ ನನ್ನ ಬ್ಯಾಚಿಗೆ ಸುಮಾರು ಆರು ವಾರ ಹಿಡಿಯುತ್ತೆ. ಅಷ್ಟು ದಿನ ಬೇರೆ ಗ್ರಾಮರ್ ಮುಟ್ಟಲ್ಲ, ಬೇಗ ಮುಗಿಸಿ ಅಂತ ಎಷ್ಟೋ ಜನ ಅಪ್ಪಅಮ್ಮಂದ್ರು ಕೇಳ್ತಾರೆ, ಆದ್ರೂ ನಾನು ಬಗ್ಗಲ್ಲ. ಹೋದ ತಿಂಗಳು ಆ ನರ್ಸ್ ಹುಡುಗಿ ಫೋನ್ ಮಾಡಿದ್ಳು, ಈಗ ಮೈಸೂರಲ್ಲಿ ದೊಡ್ಡ ಆಸ್ಪತ್ರೇಲಿದ್ದಾಳೆ. ರಾತ್ರಿ ಡ್ಯೂಟೀಲಿ ಡಾಕ್ಟ್ರಿಗೆ ಏನ್ ಹೇಳ್ದೆ ಅಂತ ನನಗೆ ಇಂಗ್ಲಿಷಲ್ಲೇ ಹೇಳಿದ್ಳು, ‘ಹಿ ಲುಕ್ಸ್ ಪೇಲ್, ಹಿಸ್ ಹ್ಯಾಂಡ್ಸ್ ಫೀಲ್ ಕೋಲ್ಡ್, ಬಟ್ ಹಿ ಈಸ್ ಅವೇಕ್’. ಮೂರು ವಾಕ್ಯ, ಮೂರು ಲಿಂಕಿಂಗ್ ವರ್ಬ್, ಮೂರೂ ಅದರದರ ಜಾಗದಲ್ಲಿ. ಫೋನಿಟ್ಟ ಮೇಲೆ ಅವನ್ನ ನನ್ನ ಕ್ಲಾಸ್ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ ಬರ್ಕೊಂಡೆ, ಹೊಸ ಬ್ಯಾಚಿಗೆ ಅಲ್ಲಿಂದಲೇ ಶುರು ಮಾಡ್ತೀನಿ.