ಹಳೆಯ ಟೊಂಕನೋವಿಗೆ ಒಂದೇ ತಂಡ, ಒಂದೇ ವಹಿ

ಮೂರು ತಿಂಗಳು ದಾಟಿದ ಟೊಂಕನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಆ ಹಂತಕ್ಕೆ ಬಂದ ನೋವು ಬರೀ ಮಾತ್ರೆಗೆ ಬಗ್ಗುವುದು ಅಪರೂಪ. ವೈದ್ಯರು, ಫಿಸಿಯೋಥೆರಪಿಸ್ಟ್, ಆಪ್ತಸಮಾಲೋಚಕರು ಮತ್ತು ಮನೆಯವರು ಒಂದೇ ಗುರಿ ಇಟ್ಟುಕೊಂಡು ನೋಡಿಕೊಳ್ಳುವುದಕ್ಕೆ ತಂಡದ ಆರೈಕೆ ಎನ್ನುತ್ತಾರೆ. ಒಬ್ಬರಿಂದ ಗುಣವಾಗಲಿಲ್ಲವೆಂದು ಇನ್ನೊಬ್ಬರ ಬಳಿ ಹೋಗುತ್ತಿರುವುದು ತಂಡವಲ್ಲ, ಅಲೆದಾಟ.

ನಾವೂ ಹಾಗೆಯೇ ಅಲೆದವರು. ಇಳಕಲ್ಲಿನಲ್ಲಿ ಮೂವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದ ನಮ್ಮ ಅವ್ವನ ಚೀಲವನ್ನು ಒಂದು ದಿನ ಚಾಪೆಯ ಮೇಲೆ ಸುರಿದು ನೋಡಿದಾಗ, ಇಬ್ಬರು ವೈದ್ಯರು ಬರೆದ ಎರಡು ಬೇರೆ ಹೆಸರಿನ ಮಾತ್ರೆಪಟ್ಟಿಗಳಲ್ಲಿ ಇದ್ದದ್ದು ಡೈಕ್ಲೋಫೆನಾಕ್ ಎಂಬ ಒಂದೇ ನೋವಿನ ಮಾತ್ರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ; ಬಿಪಿ ಇರುವ ಅವ್ವ ಎರಡನ್ನೂ ನುಂಗುತ್ತಿದ್ದರು. ಆದ್ದರಿಂದ ಮೊದಲ ಕೆಲಸವೆಂದರೆ ನೂರು ಪುಟದ ಒಂದು ವಹಿ ತರುವುದು. ನುಂಗುವ ಎಲ್ಲ ಮಾತ್ರೆಗಳ ಒಳಹೆಸರು (ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು), ಇತರ ಕಾಯಿಲೆಗಳು ಮತ್ತು ನೋವಿನಿಂದ ನಿಂತುಹೋದ ಕೆಲಸಗಳು ಅದರಲ್ಲಿರಲಿ, ಯಾರ ಬಳಿ ಹೋದರೂ ಆ ವಹಿ ಜೊತೆಗಿರಲಿ.

ವೈದ್ಯರ ಮೊದಲ ಪಾಲು ಅಪಾಯವನ್ನು ಹೊರಗಿಡುವುದು. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು, ಕಾಲಿನ ಬಲ ಕುಂದುತ್ತ ಹೋಗುವುದು ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಪರೀಕ್ಷಿಸಬೇಕು; ಹಸಿ ಹಾಲು ಕುಡಿಯುವವರಲ್ಲಿ ಮತ್ತು ದನಕರುಗಳೊಡನೆ ಇರುವವರಲ್ಲಿ ಬ್ರುಸೆಲ್ಲಾ ಸೋಂಕನ್ನೂ ಮರೆಯಬಾರದು. ಇವಾವುದೂ ಇಲ್ಲದಿದ್ದರೆ ಸ್ಕ್ಯಾನಿಗೆ ಅವಸರ ಬೇಡ, ಏಕೆಂದರೆ ನೋವೇ ಇಲ್ಲದವರ ಎಂಆರ್‌ಐನಲ್ಲಿಯೂ ವಯಸ್ಸಾದಂತೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. "ಗ್ಯಾಪ್ ಬಿದ್ದೈತಿ" ಎಂಬ ಒಂದು ಮಾತು ಎಷ್ಟೋ ಜನರನ್ನು ಹಾಸಿಗೆಗೆ ಹಾಕಿದೆ.

ಫಿಸಿಯೋಥೆರಪಿಸ್ಟರ ಬಳಿ ಶಾಖ ಕೊಡಿಸಿಕೊಂಡು ಬರುವುದಷ್ಟೇ ಸಾಲದು, ನಿಮ್ಮ ದುಡಿಮೆಯನ್ನು ಅಭಿನಯಿಸಿ ತೋರಿಸಿ. ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಮುಂದಕ್ಕೆ ಬಾಗಿ ಲಾಳಿ ಓಡಿಸುವ ಭಂಗಿಯನ್ನು ಅವ್ವ ಕುರ್ಚಿಯ ಮೇಲೆ ಮಾಡಿ ತೋರಿಸಿದ ಮೇಲೆಯೇ ನಮಗೆ ಉಪಯೋಗದ ಸಲಹೆ ಸಿಕ್ಕಿತು: ಲಾಳಿಯೊಳಗಿನ ನೂಲಿನ ಸುರುಳಿಯಾದ ಕಂಡಿಕೆ ನಾಲ್ಕು ಮುಗಿದಾಗ ಒಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿ, ಅಂಗಳಕ್ಕೆ ಹೋಗಿ ಬರುವುದು. ವ್ಯಾಯಾಮವನ್ನು, ನಡಿಗೆಯನ್ನು ನೋವಿನ ಹದ ನೋಡಿ ಶುರುಮಾಡಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ನೋವು ಹಗುರವಾದ ದಿನ ಎಲ್ಲ ಕೆಲಸ ಮುಗಿಸಿ, ಮರುದಿನ ಮಲಗುವ ರೂಢಿಯೇ ನೋವನ್ನು ಬೆಳೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ ಮತ್ತು ಮನಸ್ಸಿನ ಚಿಕಿತ್ಸೆಗಳಿಗೆ ಒಪ್ಪಿಗೆ ಕೊಟ್ಟು, ಸೊಂಟದ ಬೆಲ್ಟನ್ನೂ ತೂಕ ಕಟ್ಟಿ ಎಳೆಯುವುದನ್ನೂ ವಾಡಿಕೆಯ ಚಿಕಿತ್ಸೆಯಾಗಿ ಬಳಸಬೇಡಿ ಎಂದಿದೆ. ನಮ್ಮ ಬೆಲ್ಟ್ ಈಗ ಮೊಳೆಗೆ ನೇತಾಡುತ್ತಿದೆ.

ಆಪ್ತಸಮಾಲೋಚನೆ ಎಂದೊಡನೆ "ನನಗೇನು ತಲೆ ಕೆಟ್ಟಿದೆಯೇ" ಎನ್ನುವವರಿದ್ದಾರೆ. ನೋವು ಸುಳ್ಳೆಂದು ಅಲ್ಲಿಗೆ ಕಳಿಸುವುದಿಲ್ಲ. ನಿದ್ದೆಗೇಡು, ಹೆದರಿಕೆ, ಸಾಲದ ಚಿಂತೆ ನರಮಂಡಲವನ್ನು ಇನ್ನಷ್ಟು ಸೂಕ್ಷ್ಮಗೊಳಿಸುವುದರಿಂದ ಅವಕ್ಕೂ ಆರೈಕೆ ಬೇಕು. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವವರು ಎಲುಬು-ಕೀಲು, ಫಿಸಿಯೋಥೆರಪಿ, ಮನೋವೈದ್ಯ ವಿಭಾಗಗಳನ್ನು ಒಂದೇ ದಿನ ನೋಡಲಾಗುವುದೇ ಎಂದು ಮೊದಲೇ ವಿಚಾರಿಸಿಕೊಂಡರೆ ಬಸ್ಸಿನ ದುಡ್ಡೂ ಕೂಲಿಯೂ ಉಳಿಯುತ್ತದೆ.

ಮನೆಯವರು ಎಲ್ಲ ಕೆಲಸವನ್ನೂ ಕಸಿದುಕೊಳ್ಳಬಾರದು. ತುಂಬಿದ ಕೊಡ ನೀವು ಎತ್ತಿ, ರೊಟ್ಟಿ ಬಡಿಯುವುದನ್ನು ಅವರಿಗೇ ಬಿಡಿ.

ಒಂದೂವರೆ ತಿಂಗಳಿಗೊಮ್ಮೆ ವಹಿ ಹಿಡಿದು ವೈದ್ಯರನ್ನು ಕಂಡು, ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿಕೊಳ್ಳಿ. ಆಗ ನೋವಿನ ಪ್ರಮಾಣಕ್ಕಿಂತ ಮಾಡಲಾದ ಕೆಲಸದ ಲೆಕ್ಕ ಮುಖ್ಯ. ಅವ್ವ ಹೇಳಿ ತಂಗಿ ಬರೆದ ಮೊದಲ ವಾರದ ಸಾಲು, "ಹನಮಪ್ಪನ ಗುಡಿತನಾ ಹೋದ್ನಿ, ಎರಡ ಸಲ ಕುಂತ್ನಿ" ಎಂದಿದೆ. ಮೂರನೆಯ ತಿಂಗಳ ಪುಟದಲ್ಲಿರುವುದು: "ಸಂತಿ ಮಾಡ್ಕೊಂಡ ಬಂದ್ನಿ. ಒಮ್ಮೆ ಕುಂತ್ನಿ. ಬ್ಯಾನಿ ಐತಿ."