ಎರಡು ಮಿಲಿಮೀಟರ್ ಸಡಿಲ

ನನ್ನ ಹಳೇ ಕಾರಿನಲ್ಲಿ, ಪೆಡಲ್ ಒತ್ತದೆಯೇ ವೇಗವನ್ನು ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲ್‌ನ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತಿತ್ತು, ವೇಗ ಮಾತ್ರ ಇಳಿಯುತ್ತಲೇ ಇತ್ತು. ಬಾನೆಟ್ ಎತ್ತಿದರೆ ಸರ್ವೋದಿಂದ (ಕ್ರೂಸ್‌ಗಾಗಿ ಕೇಬಲ್ ಎಳೆಯುವ ಸಾಧನ) ಥ್ರಾಟಲ್‌ಗೆ (ಎಂಜಿನ್‌ಗೆ ಹೋಗುವ ಗಾಳಿಯ ಕವಾಟ) ಹೋಗುವ ಕೇಬಲ್‌ನ ಒಳತಂತಿ ತುದಿಯಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡು ತುಂಡಾಗಿತ್ತು. ಈಗಿನ ಗಾಡಿಗಳಿಗೆ ಈ ತಾಪತ್ರಯವಿಲ್ಲ, ಥ್ರಾಟಲ್ ತಿರುಗಿಸಲು ಅಲ್ಲೇ ಮೋಟಾರ್ ಇರುತ್ತೆ. ನನ್ನದಕ್ಕೆ ಎರಡು ಕೇಬಲ್: ಒಂದು ಪೆಡಲ್‌ನದು, ಇನ್ನೊಂದು ಕ್ರೂಸ್‌ನದು.

ಬಿಚ್ಚುವುದು ಸುಲಭ. ಥ್ರಾಟಲ್ ಚಕ್ರವನ್ನು ಕೈಯಿಂದ ಪೂರ್ತಿ ತಿರುಗಿಸಿ ಹಿಡಿದರೆ ಕೇಬಲ್‌ನ ಗುಂಡುತುದಿ ಸೀಳಿನಿಂದ ಪಕ್ಕಕ್ಕೆ ಜಾರುತ್ತೆ. ಹಳೇದು ಹೋಗಿದ್ದ ದಾರಿಯ ಫೋಟೋ ಮೊದಲೇ ತೆಗೆದಿಟ್ಟಿದ್ದೆ. ಹೊಸದನ್ನೂ ಹಾಗೇ, ಎಕ್ಸಾಸ್ಟ್‌ನಿಂದ ದೂರ, ಎಲ್ಲೂ ಮಡಿಕೆ ಬೀಳದಂತೆ ಎಳೆದೆ. ಎಣ್ಣೆ ಬಿಡಲಿಲ್ಲ. ಒಳಗೆ ಪ್ಲಾಸ್ಟಿಕ್ ಕೊಳವೆ ಇರುವ ಕೇಬಲ್‌ಗೆ ಎಣ್ಣೆ ಹಾಕಿದರೆ ಧೂಳು ಅಂಟುತ್ತೆ, ಅಷ್ಟೇ.

ಎಡವಿದ್ದು ಹೊಂದಿಸುವಾಗ. ಬಿಗಿಯಾಗಿದ್ದಷ್ಟೂ ಒಳ್ಳೇದು ಅಂದುಕೊಂಡು ಸಡಿಲವನ್ನೆಲ್ಲ ಎಳೆದು ಲಾಕ್‌ನಟ್ ಬಿಗಿದೆ. ಸ್ಟಾರ್ಟ್ ಮಾಡಿದರೆ ನಿಮಿಷಕ್ಕೆ 750 ಸುತ್ತಿನಲ್ಲಿ ನಿಲ್ಲಬೇಕಾದ ಐಡ್ಲಿಂಗ್ (ಪೆಡಲ್ ಒತ್ತದಾಗಿನ ಎಂಜಿನ್ ಓಟ) 1100ರಲ್ಲಿ ಕೂತಿತು. ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಧ ಗಂಟೆ ಪೈಪುಗಳನ್ನು ತಡಕಿದ್ದೇ ತಡಕಿದ್ದು. ಕೊನೆಗೆ ಬೆರಳು ಕೇಬಲ್‌ಗೆ ತಾಗಿದಾಗ ಗೊತ್ತಾಯಿತು, ವೀಣೆಯ ತಂತಿಯ ಹಾಗೆ ಬಿಗಿದುಕೊಂಡಿತ್ತು. ಥ್ರಾಟಲ್ ಪೂರ್ತಿ ಮುಚ್ಚಲು ಅದು ಬಿಡುತ್ತಲೇ ಇರಲಿಲ್ಲ. ಗೇರ್ ಹಾಕಿದಾಗ ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಕೊಂಚ ವಾಲುತ್ತೆ ಬೇರೆ. ಆಗ ಕೇಬಲ್ ಇನ್ನಷ್ಟು ಎಳೆದುಕೊಳ್ಳುತ್ತೆ. ಕಾಲು ತೆಗೆದರೂ ಓಡುವ ಗಾಡಿಯನ್ನು ನಾನೇ ತಯಾರು ಮಾಡಿದ್ದೆ!

ನಟ್ ಸಡಿಲಿಸಿ, ಬೆರಳಿನಿಂದ ಅಲುಗಿಸಿದರೆ ತಂತಿ ಸುಮಾರು 2 ಮಿಲಿಮೀಟರ್ ಆಡುವಷ್ಟು ಬಿಟ್ಟೆ. ಇದಕ್ಕಿಂತ ತೀರಾ ಜಾಸ್ತಿ ಬಿಟ್ಟರೆ ಸರ್ವೋದ ಎಳೆತವೆಲ್ಲ ಸಡಿಲ ತುಂಬಲು ಖರ್ಚಾಗಿ, ವೇಗ ಕುಸಿದ ಮೇಲೆ ಗಾಡಿ ಎಚ್ಚರವಾಗುತ್ತೆ. ಎಂಜಿನ್ ಆಫ್ ಮಾಡಿಕೊಂಡು ಪೆಡಲ್ ನೆಲಕ್ಕೊತ್ತಿ ಬಿಟ್ಟೆ: ಥ್ರಾಟಲ್ ಟಪ್ ಅಂತ ಮುಚ್ಚಿತು. ಅರ್ಧ ಒತ್ತಿ, ಕಾಲು ಭಾಗ ಒತ್ತಿ ಮತ್ತೆ ನೋಡಿದೆ. ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ.

ಬ್ರೇಕ್ ಒತ್ತಿದಾಗ ಕ್ರೂಸ್ ಬಿಡಬೇಕಲ್ಲ, ಅದಕ್ಕೇ ಬ್ರೇಕ್ ದೀಪ ಹತ್ತುವುದನ್ನು ಖಚಿತ ಮಾಡಿಕೊಂಡೇ ಖಾಲಿ ರಸ್ತೆಗೆ ಇಳಿದೆ. 60ರಲ್ಲಿ ಸೆಟ್ ಮಾಡಿದೆ. ಏರು ಬಂದಾಗ ಮುಳ್ಳು 57ಕ್ಕೆ ಇಳಿದು, ನಿಧಾನಕ್ಕೆ ಮತ್ತೆ 60ಕ್ಕೆ ಬಂತು. ಬ್ರೇಕ್‌ಗೆ ಕಾಲು ತಾಗಿಸಿದೆ. ಆ ಕ್ಷಣವೇ ಕ್ರೂಸ್ ಬಿಟ್ಟುಕೊಟ್ಟಿತು.