ಮನೆಯಲ್ಲೇ ಸೆಲ್ಫ್ ಮೋಟಾರ್ ಬದಲಾಯಿಸಿದ್ದು

ಕಾರಿನ ಕೀ ತಿರುಗಿಸಿದರೆ ಒಂದು ಟಕ್. ಅಷ್ಟೇ. ಎಂಜಿನ್ ಅಲುಗಾಡುವುದೂ ಇಲ್ಲ. ನಾಲ್ಕೈದು ಸಲ ತಿರುಗಿಸಿದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಎರಡು ವಾರ ಹೀಗೇ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಎಷ್ಟು ತಿರುಗಿಸಿದರೂ ಬರೀ ಟಕ್.

ಕಾರು ಸೆಲ್ಫ್ ತೆಗೆದುಕೊಳ್ಳಲಿಲ್ಲ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಬ್ಯಾಟರಿ. ನಾನೂ ಹಾಗೇ ಅಂದುಕೊಂಡೆ. ಆದರೆ ಶಬ್ದವೇ ಬೇರೆ ಹೇಳುತ್ತಿತ್ತು. ಬ್ಯಾಟರಿ ಸೋತಾಗ ಸಾಮಾನ್ಯವಾಗಿ ಟಕಟಕಟಕ ಅಂತ ಬೇಗ ಬೇಗ ಬಡಿದುಕೊಳ್ಳುತ್ತದೆ, ದೀಪಗಳು ಮಂಕಾಗುತ್ತವೆ. ನನ್ನ ಕಾರಿನಲ್ಲಿ ಒಂದೇ ಗಟ್ಟಿ ಟಕ್, ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ಮಲ್ಟಿಮೀಟರ್ ಇಟ್ಟು ನೋಡಿದೆ: 12.5 ವೋಲ್ಟ್. ಕೀ ತಿರುಗಿಸಿದಾಗಲೂ 12ಕ್ಕಿಂತ ಕೆಳಗೆ ಇಳಿಯಲಿಲ್ಲ. ಸ್ಟಾರ್ಟರ್, ಅಂದರೆ ಸೆಲ್ಫ್ ಮೋಟಾರ್, ನಿಜವಾಗಿ ಎಂಜಿನ್ ತಿರುಗಿಸುವಾಗ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ, ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯಲೇಬೇಕು. ಇಳಿಯುತ್ತಿಲ್ಲ ಅಂದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ ಅಂತ ಅರ್ಥ.

ಇಲ್ಲಿ ನಿಂತು ಇನ್ನೊಂದು ಅಳತೆ ತೆಗೆದುಕೊಂಡಿದ್ದೇ ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುತ್ತದೆ. ಎಷ್ಟೋ ಜನ ಇಷ್ಟಕ್ಕೇ ಹೊಸ ಮೋಟಾರ್ ತಂದುಬಿಡುತ್ತಾರೆ. ತುಕ್ಕು ಹಿಡಿದ ಒಂದು ಅರ್ಥ್ ವೈರ್‌ನಿಂದಲೂ (ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ವೈರ್) ಇದೇ ತೊಂದರೆ ಬರಬಹುದು ಅಲ್ವಾ?

ಮೋಟಾರಿನ ಮೇಲೆ ಸೋಲೆನಾಯ್ಡ್ ಅಂತ ಒಂದು ವಿದ್ಯುತ್ ಸ್ವಿಚ್ ಇರುತ್ತದೆ, ಕೀ ತಿರುಗಿಸಿದಾಗ ಮೋಟಾರಿಗೆ ಕರೆಂಟ್ ಬಿಡುವುದು ಅದೇ. ಅದರ ಹಿಂದೆ ಎರಡು ದಪ್ಪ ಬೋಲ್ಟ್ ಇರುತ್ತವೆ. ಒಂದಕ್ಕೆ ಬ್ಯಾಟರಿಯಿಂದ ದಪ್ಪ ಕೇಬಲ್ ಬರುತ್ತದೆ. ಇನ್ನೊಂದರಿಂದ ಕರೆಂಟ್ ಮೋಟಾರಿನ ಒಳಗೆ ಹೋಗುತ್ತದೆ. ಪಕ್ಕದ ಸಣ್ಣ ವೈರ್ ಕೀ ಕಡೆಯದು. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಕಪ್ಪು ಕ್ಲಿಪ್ಪನ್ನು ಮೋಟಾರ್ ಬಾಡಿಗೆ, ಕೆಂಪು ಕ್ಲಿಪ್ಪನ್ನು ಮೊದಲ ಬೋಲ್ಟಿಗೆ ಸಿಕ್ಕಿಸಿ ಹೊರಗೆ ಬಂದೆ. ತಮ್ಮ ಕೀ ತಿರುಗಿಸಿದ. 12.2 ವೋಲ್ಟ್. ಅಂದರೆ ಕೇಬಲ್, ಅರ್ಥ್ ಎರಡೂ ಸರಿ. ಕೆಂಪು ಕ್ಲಿಪ್ಪನ್ನು ಎರಡನೇ ಬೋಲ್ಟಿಗೆ ಹಾಕಿ ಮತ್ತೆ ತಿರುಗಿಸು ಅಂದೆ. ಟಕ್ ಅಂತು. ಮೀಟರಿನಲ್ಲಿ ಒಂದು ವೋಲ್ಟ್ ಕೂಡ ಇಲ್ಲ.

"ಸಿಕ್ತಾ ಅಕ್ಕಾ?" ಅಂದ. ಸಿಕ್ಕಿತ್ತು. ಎರಡು ಬೋಲ್ಟುಗಳ ನಡುವೆ ಎರಡಂಗುಲ ಜಾಗ. ತೊಂದರೆ ಅದರೊಳಗೇ ಇತ್ತು.

ಕಾರು 1,60,000 ಕಿಲೋಮೀಟರ್ ಓಡಿತ್ತು. ಮೋಟಾರಿನೊಳಗಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು), ಬುಷ್ (ಶಾಫ್ಟ್ ಕೂರುವ ಬಳೆ) ಎಲ್ಲವೂ ಅಷ್ಟೇ ಹಳೆಯವು. ಹೇಗೂ ಬಿಚ್ಚುತ್ತೇನೆ, ಪೂರ್ತಿ ಮೋಟಾರನ್ನೇ ಬದಲಾಯಿಸೋಣ ಅಂತ ನಿರ್ಧಾರ ಮಾಡಿದೆ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸ್ಟಾರ್ಟರಿಗೆ ಬರುವ ದಪ್ಪ ಕೇಬಲ್‌ನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಸ್ಪ್ಯಾನರ್ ಒಂದು ಕಡೆ ಆ ನಟ್ಟಿಗೆ, ಇನ್ನೊಂದು ಕಡೆ ಎಂಜಿನ್ನಿಗೆ ತಾಗಿದರೆ ಕಬ್ಬಿಣವೇ ಕೆಂಪಗಾಗುತ್ತದೆ. ನೆಗೆಟಿವ್ ತೆಗೆದು, ಅದು ತಿರುಗಿ ತಾಗದ ಹಾಗೆ ಬಟ್ಟೆ ಸುತ್ತಿಟ್ಟೆ. ಕಾರಿನ ಮುಂಭಾಗ ಎತ್ತಿ ಎರಡು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆ. ಬರೀ ಜ್ಯಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ.

ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದೆ. ಮೋಟಾರನ್ನು ಗೇರ್‌ಬಾಕ್ಸಿಗೆ ಹಿಡಿದಿರುವುದು ಎರಡೇ ಬೋಲ್ಟ್. ಕೆಳಗಿನದು ಐದು ನಿಮಿಷದಲ್ಲಿ ಬಂತು.

ಮೇಲಿನದು ಒಂದೂವರೆ ಗಂಟೆ ತೆಗೆದುಕೊಂಡಿತು. ಅದು ಕಣ್ಣಿಗೇ ಕಾಣುವುದಿಲ್ಲ. ಕೈಬೆರಳಿನಲ್ಲೇ ಹುಡುಕಬೇಕು: ಮೊದಲು ಒಂದು ಹೋಸ್ ಸಿಗುತ್ತದೆ, ಅದರ ಹಿಂದೆ ಬ್ರಾಕೆಟ್, ಅದರ ಕೆಳಗೆ ಬೋಲ್ಟಿನ ಆರು ಮೂಲೆ. ಸ್ಪ್ಯಾನರ್ ಹಾಕಿದರೆ ತಿರುಗಿಸಲು ಜಾಗ ಇಲ್ಲ. ಸುಮ್ನೆ ಬಲ ಹಾಕಿದ್ದರೆ ಮೂಲೆ ಸವೆದುಹೋಗುತ್ತಿತ್ತು. ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಅರ್ಧ ಗಂಟೆ ಬಿಟ್ಟೆ. ಆರು ಮೂಲೆಯ ಸಾಕೆಟ್, ಓರೆಯಾಗಿಯೂ ತಿರುಗುವ ಒಂದು ಯೂನಿವರ್ಸಲ್ ಜಾಯಿಂಟ್, ಅದಕ್ಕೆ ಎರಡು ಉದ್ದ ಎಕ್ಸ್‌ಟೆನ್ಶನ್ ಜೋಡಿಸಿ ಗೇರ್‌ಬಾಕ್ಸ್ ಕಡೆಯಿಂದ ತೂರಿಸಿದೆ. ಒಂದು ಕೈಯಲ್ಲಿ ಸಾಕೆಟ್ಟನ್ನು ಬೋಲ್ಟಿಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹ್ಯಾಂಡಲ್ ಎಳೆದೆ. ಕಿರ್ ಅಂತ ಒಂದು ಸದ್ದು, ಬೋಲ್ಟ್ ಸಡಿಲವಾಯಿತು. ಆ ಸದ್ದಿಗೆ ಆದ ಸಂತೋಷ ಕಡಿಮೆಯದಲ್ಲ.

ಬೋಲ್ಟ್ ಪೂರ್ತಿ ಬಿಡುವ ಮೊದಲು ಮೋಟಾರಿಗೆ ಕೈ ಕೊಟ್ಟಿರಬೇಕು. ನೋಡಲು ಸಣ್ಣದು, ಆದರೆ ನಾಲ್ಕು ಕಿಲೋ ತೂಕ, ಮಲಗಿದವರ ಮುಖದ ನೇರಕ್ಕೇ ಇರುತ್ತದೆ.

ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಪಿನಿಯನ್ (ಮೋಟಾರಿನ ತುದಿಯ ಸಣ್ಣ ಗೇರ್) ಹಲ್ಲು ಎಣಿಸಿದೆ, ಎರಡರಲ್ಲೂ 9. ಬೋಲ್ಟ್ ತೂತುಗಳ ಅಂತರ, ಟರ್ಮಿನಲ್ ಇರುವ ಜಾಗ ಎಲ್ಲ ಸರಿ ಇತ್ತು. ಹೊಸದನ್ನು ವೈಸ್‌ನಲ್ಲಿ ಬಿಗಿದು ಜಂಪರ್ ಕೇಬಲ್‌ನಿಂದ ಬೇರೊಂದು ಬ್ಯಾಟರಿಗೆ ಜೋಡಿಸಿದೆ. ಸಣ್ಣ ಟರ್ಮಿನಲ್ಲಿಗೆ ಪಾಸಿಟಿವ್ ತಾಗಿಸಿದ ಕೂಡಲೇ ಪಿನಿಯನ್ ಹೊರಗೆ ಹಾರಿ ಗಿರ್ರನೆ ತಿರುಗಿತು. ಅದನ್ನು ಕೈಯಲ್ಲಿ ಹಿಡಿದು ನೋಡಬಾರದು, ಒದೆಯುವ ಬಲ ಜಾಸ್ತಿ.

ಮೋಟಾರ್ ತೆಗೆದ ಖಾಲಿ ಜಾಗದಿಂದ ಫ್ಲೈವೀಲಿನ ರಿಂಗ್ ಗೇರ್ ಕಾಣುತ್ತದೆ. ಎಂಜಿನ್ ತಿರುಗಿಸಲು ಪಿನಿಯನ್ ಹಲ್ಲು ಕೂರುವುದು ಇದಕ್ಕೇ. ಕ್ರ್ಯಾಂಕ್ ಪುಲ್ಲಿಯನ್ನು (ಎಂಜಿನ್ ಶಾಫ್ಟಿನ ತುದಿಯ ಚಕ್ರ) ಸಾಕೆಟ್ ಹಾಕಿ ನಿಧಾನವಾಗಿ ತಿರುಗಿಸುತ್ತಾ ಟಾರ್ಚ್ ಬಿಟ್ಟು ಎಲ್ಲ ಹಲ್ಲನ್ನೂ ನೋಡಿದೆ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ಬಂದು ನಿಲ್ಲುತ್ತದೆ. ಹಾಗಾಗಿ ಸವೆತವೂ ಎದುರುಬದುರು ಎರಡು ಕಡೆ ಜಾಸ್ತಿ. ನನ್ನದರಲ್ಲಿ ಅಂಚು ಸ್ವಲ್ಪ ಉಜ್ಜಿತ್ತು, ಒಂದು ಹಲ್ಲೂ ಮುರಿದಿರಲಿಲ್ಲ.

ಮೋಟಾರ್ ಕೂರುವ ಮುಖವನ್ನು ವೈರ್ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿದೆ. ಸ್ಟಾರ್ಟರಿನ ಅರ್ಥ್ ಅದರ ಬಾಡಿ ಮೂಲಕವೇ ಹೋಗುವುದು, ಅಲ್ಲಿ ಕೊಳೆ ಇದ್ದರೆ ಹೊಸ ಮೋಟಾರೂ ಸೋಮಾರಿಯಾಗುತ್ತದೆ. ಎರಡು ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹತ್ತಿಸಿ, ಆಮೇಲೆ ಮ್ಯಾನುಯಲ್‌ನಲ್ಲಿ ಕೊಟ್ಟಷ್ಟೇ ಟಾರ್ಕ್ (ಬಿಗಿಯುವ ಬಲ) ಕೊಟ್ಟೆ. ಕೇಬಲ್ ನಟ್ ವಿಷಯದಲ್ಲಿ ಮಾತ್ರ ಕೈ ಹಗುರ ಇರಲಿ. ಆ ಬೋಲ್ಟ್ ತಾಮ್ರದ್ದು. ಜಾಸ್ತಿ ಬಿಗಿದರೆ ಬೋಲ್ಟೇ ತಿರುಗಿ ಒಳಗಿನ ಜೋಡಣೆ ಹಾಳಾಗುತ್ತದೆ.

ನೆಗೆಟಿವ್ ಕೊನೆಯಲ್ಲಿ ಹಾಕಿ ಕೀ ತಿರುಗಿಸಿದೆ. ಅರ್ಧ ಸೆಕೆಂಡಿನಲ್ಲಿ ಎಂಜಿನ್ ಎದ್ದಿತು. ಬ್ಯಾಟರಿ ಬಿಚ್ಚಿದ್ದರಿಂದ ಕಾರಿನ ಗಡಿಯಾರ ಮತ್ತೆ ಹೊಂದಿಸಬೇಕಾಯಿತು, ಅಷ್ಟೇ.

ಸಂಜೆ ಹಳೆಯ ಸೋಲೆನಾಯ್ಡಿನ ಮುಚ್ಚಳ ಬಿಚ್ಚಿದೆ. ಒಳಗೆ ಎರಡು ತಾಮ್ರದ ತುಂಡು, ಅವೆರಡನ್ನೂ ಒಟ್ಟಿಗೆ ಮುಟ್ಟಬೇಕಾದ ಒಂದು ತಾಮ್ರದ ಬಿಲ್ಲೆ. ಬ್ಯಾಟರಿ ಕಡೆಯ ತುಂಡು ಸುಟ್ಟು, ಮಧ್ಯದಲ್ಲಿ ಉಗುರಿನಷ್ಟು ಜಾಗ ತಿಂದುಹೋಗಿತ್ತು. ಬಿಲ್ಲೆ ಬಂದು ಬಡಿಯುತ್ತಿತ್ತು, ಅದೇ ಆ ಟಕ್. ಆದರೆ ಒಂದು ಕಡೆ ಮುಟ್ಟುತ್ತಲೇ ಇರಲಿಲ್ಲ. ಕಾರ್ಬನ್ ಅಳೆದು ನೋಡಿದೆ, ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಈ ತಾಮ್ರದ ತುಂಡುಗಳು ಎಷ್ಟೋ ಮಾದರಿಗಳಿಗೆ ಬಿಡಿಯಾಗಿಯೇ ಸಿಗುತ್ತವೆ. ಒಂದು ಜೋಡಿ ತರಿಸಿದ್ದೇನೆ. ಹಳೆಯ ಮೋಟಾರ್ ಈಗ ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಇಟ್ಟಿದೆ.